ಹಳೆಯ ಹಡಗಿಗೆ ಮತ್ತೆ ರಿವೆಟ್ಟನ್ನೇ ಹೊಡೆದವರ ಪರವಾಗಿ

ಮೊನ್ನೆ ಹಳೆಯ ಗೆಳೆಯನೊಬ್ಬನಿಗೆ ‘ಮೆಡ್ವೇ ಕ್ವೀನ್’ ಹಡಗಿನ ಫೋಟೋ ತೋರಿಸುತ್ತಿದ್ದೆ. 1924ರಲ್ಲಿ ಕಟ್ಟಿದ ಬ್ರಿಟನ್ನಿನ ಉಗಿಹಡಗು ಅದು. ಎರಡೂ ಪಕ್ಕದಲ್ಲಿ ನೀರು ತಳ್ಳುವ ದೊಡ್ಡ ಚಕ್ರಗಳಿವೆ. ಉಕ್ಕಿನ ಪ್ಲೇಟುಗಳ ಅದರ ಒಡಲನ್ನು, ಅಂದರೆ ಹೊರಮೈಯನ್ನು, ಪೂರ್ತಿ ಹೊಸದಾಗಿ ಕಟ್ಟಿದ್ದಾರೆ ಎಂದೆ. ಅವನು ತಕ್ಷಣ ಕೇಳಿದ, “ಪ್ಲೇಟೆಲ್ಲಾ ಹೊಸದಾದ ಮೇಲೆ ಅದು ಹಳೆ ಹಡಗು ಹೇಗಾಗುತ್ತೆ ಮಾರಾಯಾ? ಒಂದು ಮಾಡೆಲ್ ಮಾಡಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಸಾಕಿತ್ತು ಅಲ್ವಾ?”

ಆಗ ನನಗೆ ಸರಿಯಾಗಿ ಉತ್ತರ ಹೊಳೆಯಲಿಲ್ಲ. ಎರಡು ದಿನದಿಂದ ಅದೇ ತಲೆಯಲ್ಲಿ ಕೊರೆಯುತ್ತಿದೆ. ಬಾಯ್ಲರ್‌ಗಳ ನಡುವೆಯೇ ಅರ್ಧ ಆಯಸ್ಸು ಕಳೆದವನು ನಾನು. ಈ ವಿಷಯದಲ್ಲಿ ಸುಮ್ನೆ ಇರೋಕೆ ಆಗಲ್ಲ.

ಮೊದಲು ಆ ಹಡಗಿನ ಕಥೆ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಜನರನ್ನು ಸಮುದ್ರ ತೀರದ ಊರುಗಳಿಗೆ ಸುತ್ತಾಡಿಸುತ್ತಿದ್ದ ಹಡಗು ಅದು. ಎರಡನೇ ಮಹಾಯುದ್ಧ ಬಂದಾಗ ಸಮುದ್ರದಲ್ಲಿನ ಮೈನ್, ಅಂದರೆ ನೀರಿನಲ್ಲಿಟ್ಟ ಸಿಡಿಗುಂಡು, ತೆಗೆಯುವ ಕೆಲಸಕ್ಕೆ ಹಾಕಿದರು. 1940ರಲ್ಲಿ ಫ್ರಾನ್ಸಿನ ಡಂಕರ್ಕ್‌ನ ದಡದಲ್ಲಿ ಸೈನಿಕರು ಸಿಕ್ಕಿಬಿದ್ದಾಗ ಏಳು ಸಲ ಹೋಗಿ ಬಂದು, ಸುಮಾರು 7,000 ಜನರನ್ನು ದಾಟಿಸಿತು. ಅಂಥ ಹಡಗು 1963ರಲ್ಲಿ ಕೆಲಸ ನಿಲ್ಲಿಸಿತು. ಆಮೇಲೆ ಐಲ್ ಆಫ್ ವೈಟ್ ದ್ವೀಪದಲ್ಲಿ ನೈಟ್ ಕ್ಲಬ್ ಆಯಿತು. ಅದೂ ಮುಗಿದ ಮೇಲೆ ಕೇಳುವವರಿಲ್ಲದೆ ತುಕ್ಕು ಹಿಡಿದು, ಹಗ್ಗ ಕಟ್ಟಿ ನಿಲ್ಲಿಸಿದ್ದ ಜಾಗದಲ್ಲೇ ಮುಳುಗಿತು. 1985ರಲ್ಲಿ ಅದನ್ನು ಉಳಿಸಬೇಕು ಎಂದು ಒಂದು ಸಂಘ ಕಟ್ಟಿಕೊಂಡವರು ಸ್ವಯಂಸೇವಕರು. ಸಂಬಳ ಇಲ್ಲ. ರಜೆಯ ದಿನ ಬಂದು ಕೆಸರು ಬಳಿದು ತೆಗೆದವರು ಇವರು.

ಒಡಲು ರಿಪೇರಿ ಮಾಡುವ ಸ್ಥಿತಿಯಲ್ಲಿ ಇರಲಿಲ್ಲ. ಹಳೆಯ ವಸ್ತುಗಳನ್ನು ಉಳಿಸಲು ಅಲ್ಲಿನ ರಾಷ್ಟ್ರೀಯ ಲಾಟರಿಯಿಂದ ಕೊಡುವ ನಿಧಿಯ ಹಣ ಸಿಕ್ಕಿದ ಮೇಲೆ ಬ್ರಿಸ್ಟಲ್‌ನ ಯಾರ್ಡ್ ಒಂದರಲ್ಲಿ ಹೊಸ ಒಡಲು ಕಟ್ಟಿಸಿದರು. 2013ರಲ್ಲಿ ಅದು ತನ್ನ ಮೆಡ್ವೇ ನದಿಯ ದಡದ ಗಿಲ್ಲಿಂಗ್‌ಹ್ಯಾಮ್ ಊರಿಗೆ ವಾಪಸು ಬಂತು. ಹಳೆಯ ಇಂಜಿನ್ ಮತ್ತೆ ಒಳಗೆ ಕೂತಿದೆ. ಇಲ್ಲಿ ಒಂದು ವಿಷಯ ಗಮನಿಸಿ. ವೆಲ್ಡಿಂಗ್ ಮಾಡಿದ್ದರೆ ಕೆಲಸ ಬೇಗ ಆಗುತ್ತಿತ್ತು, ಸಲೀಸಾಗಿಯೂ ಆಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. 1924ರಲ್ಲಿ ಹೇಗೆ ಕಟ್ಟಿದ್ದರೋ ಹಾಗೇ ಪ್ಲೇಟಿನ ಮೇಲೆ ಪ್ಲೇಟಿಟ್ಟು ರಿವೆಟ್, ಅಂದರೆ ಎರಡೂ ತುದಿಗೆ ತಲೆ ಬರುವ ಲೋಹದ ದಪ್ಪ ಮೊಳೆ, ಹೊಡೆಸಿದರು.

ರಿವೆಟ್ ಹೊಡೆಯುವುದು ಒಬ್ಬರ ಕೈಯಲ್ಲಿ ಆಗುವ ಕೆಲಸ ಅಲ್ಲ. ಒಬ್ಬ ಕುಲುಮೆಯಲ್ಲಿ ರಿವೆಟ್ ಕಾಯಿಸುತ್ತಾನೆ. ಕಮ್ಮಿ ಕಾದರೆ ತಲೆ ಸರಿಯಾಗಿ ಕೂರುವುದಿಲ್ಲ. ಜಾಸ್ತಿ ಕಾದರೆ ಕಿಡಿ ಹಾರಿ ಲೋಹವೇ ಸುಟ್ಟುಹೋಗುತ್ತದೆ. ಇನ್ನೊಬ್ಬ ಇಕ್ಕಳದಲ್ಲಿ ಅದನ್ನು ಹಿಡಿದು ತೂತಿಗೆ ತೂರಿಸುತ್ತಾನೆ. ಒಳಗಡೆ ಒಬ್ಬ ಭಾರದ ಕಬ್ಬಿಣ ಒತ್ತಿ ಹಿಡಿದು ನಿಂತಿರುತ್ತಾನೆ, ಹೊರಗಿನವನು ಬಡಿದು ಬಡಿದು ತಲೆ ಮಾಡುತ್ತಾನೆ. ಬಣ್ಣ ಇಳಿಯುವುದರೊಳಗೆ ಎಲ್ಲ ಮುಗಿಯಬೇಕು. ಆಮೇಲೆ ರಿವೆಟ್ ತಣಿಯುತ್ತದೆ, ತಣಿಯುತ್ತಾ ಕುಗ್ಗುತ್ತದೆ, ಕುಗ್ಗುತ್ತಾ ಎರಡು ಪ್ಲೇಟುಗಳನ್ನೂ ಎಳೆದು ಬಿಗಿ ಮಾಡುತ್ತದೆ. ಹೊಡೆದವನು ಕೈ ಬಿಟ್ಟ ಮೇಲೂ ರಿವೆಟ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ನನಗೆ ಇದು ಇವತ್ತಿಗೂ ಬೆರಗು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಳೆಯ ರಿವೆಟ್ ಬಾಯ್ಲರ್ ಇತ್ತು. ಅದನ್ನು ರಿಪೇರಿಗೆ ನಿಲ್ಲಿಸಿದ್ದ ದಿನ ಮೇಸ್ತ್ರಿ ನನ್ನನ್ನು ಕರೆದು, “ಬೆರಳು ಇಲ್ಲಿಡು” ಎಂದರು. ಅರ್ಧ ರಿವೆಟ್ಟಿನ ತಲೆಯ ಮೇಲೆ, ಅರ್ಧ ಪ್ಲೇಟಿನ ಮೇಲೆ ಬರುವ ಹಾಗೆ ತೋರುಬೆರಳು ಇಟ್ಟೆ. ಆಚೆ ಬದಿಯಿಂದ ಅವರು ಸಣ್ಣ ಸುತ್ತಿಗೆಯಲ್ಲಿ ತಟ್ಟಿದರು. ಟಣ್ ಎಂದಿತು. ಬೆರಳಿಗೆ ಏನೂ ತಿಳಿಯಲಿಲ್ಲ. ಮುಂದಿನದು, ಅದರ ಮುಂದಿನದು, ಎಲ್ಲ ಟಣ್. ಆಮೇಲೆ ಒಂದು ಮಾತ್ರ ಡಬ್ ಎಂದಿತು, ಒಡೆದ ಮಡಕೆಯ ಹಾಗೆ. ಬೆರಳ ಕೆಳಗೆ ಕೂದಲೆಳೆಯಷ್ಟು ಅಲುಗಾಟ. “ಗೊತ್ತಾಯ್ತೇನಪ್ಪಾ?” ಎಂದು ಕೇಳಿ ಆ ರಿವೆಟ್ಟಿಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿದರು. ಯಾವ ಪುಸ್ತಕ ಓದಿದ್ದರೂ ಆ ಅಲುಗಾಟ ನನಗೆ ತಿಳಿಯುತ್ತಿರಲಿಲ್ಲ.

ಮುಂದೆ ಆ ಬಾಯ್ಲರ್ ಗುಜರಿಗೆ ಹೋಯಿತು. ಗ್ಯಾಸ್ ಕಟರ್ ಹಿಡಿದು ಎರಡು ದಿನದಲ್ಲಿ ತುಂಡು ಮಾಡಿದರು. ಒಂದು ಫೋಟೋ ಕೂಡ ತೆಗೆಯಲಿಲ್ಲ. ಅದರ ನೋವು ನನಗೆ ಇನ್ನೂ ಹೋಗಿಲ್ಲ.

ಗೆಳೆಯನಿಗೆ ಈಗ ಉತ್ತರ ಹೇಳುತ್ತೇನೆ. ಉಪ್ಪುನೀರಿನಲ್ಲಿ ಓಡಾಡುವ ಹಡಗಿನ ಪ್ಲೇಟು ಬದಲಾಗುವುದು ಹೊಸದೇನಲ್ಲ. ದುಡಿಯುತ್ತಿದ್ದ ಕಾಲದಲ್ಲೂ ಸವೆದದ್ದನ್ನು ತೆಗೆದು ಹೊಸದು ಹಾಕುತ್ತಲೇ ಇದ್ದರು. ಪ್ಲೇಟು ಹೊಸದಾದರೂ ಅದನ್ನು ಕೂರಿಸುವ ರೀತಿ ಹಳೆಯದೇ ಆಗಿದ್ದರೆ, ಅದು ಅದೇ ಹಡಗು. ವೆಲ್ಡಿಂಗ್ ಮಾಡಿ ಮೇಲೆ ಬರೀ ರಿವೆಟ್ ತಲೆ ಅಂಟಿಸಿದ್ದರೆ ನಿನ್ನ ಪ್ರಶ್ನೆ ಸರಿ ಇರುತ್ತಿತ್ತು.

ಇನ್ನೊಂದು ಮಾತು. ಈ ಕೆಲಸಕ್ಕೆ ಟೈಮ್ ತುಂಬಾ ಕಮ್ಮಿ ಇದೆ. ಅಮೆರಿಕದ ‘ಜೆರೆಮೈಯಾ ಓಬ್ರಿಯನ್’ ಹಡಗನ್ನೇ ನೋಡಿ. 1943ರಲ್ಲಿ ಯುದ್ಧದ ಸರಕು ಸಾಗಿಸಲು ಕಟ್ಟಿದ್ದು. ಯುದ್ಧ ಮುಗಿದ ಮೇಲೆ ಮೂರು ದಶಕಕ್ಕೂ ಜಾಸ್ತಿ ಸುಮ್ಮನೆ ನಿಂತಿತ್ತು. 1979ರಲ್ಲಿ ಸ್ವಯಂಸೇವಕರು ಬಾಯ್ಲರ್‌ಗೆ ಬೆಂಕಿ ಹಾಕಿ, ಅದರದೇ ಉಗಿಯಲ್ಲಿ ಅಲ್ಲಿಂದ ಹೊರಡಿಸಿದರು. 1994ರಲ್ಲಿ ಅದೇ ಹಡಗು ಫ್ರಾನ್ಸಿನ ನಾರ್ಮಂಡಿ ತನಕ ಹೋಗಿ ಬಂತು. ಸಿಬ್ಬಂದಿಯಲ್ಲಿ ಬಹಳ ಜನ ಎಪ್ಪತ್ತರ ಆಸುಪಾಸಿನವರು. ಹರೆಯದಲ್ಲಿ ಅಂಥದ್ದೇ ಇಂಜಿನ್ ಓಡಿಸಿದ್ದವರು. ವಾಲ್ವ್ ಎಷ್ಟು ತಿರುಗಿಸಬೇಕು, ಬೇರಿಂಗ್ ಬಿಸಿಯಾಯಿತಾ ಎಂದು ಎಲ್ಲಿ ಕೈಯಿಟ್ಟು ನೋಡಬೇಕು, ಇದೆಲ್ಲ ಅವರ ಕೈಗೆ ಗೊತ್ತಿತ್ತು. ಆ ತಲೆಮಾರು ಈಗ ಹೆಚ್ಚುಕಮ್ಮಿ ಮುಗಿದಿದೆ. ಅವರ ಪಕ್ಕ ನಿಂತು ಕಲಿತವರು ಇದ್ದಾರೆ, ಅದಕ್ಕೇ ಆ ಹಡಗಿಗೆ ಇನ್ನೂ ಜೀವ ಇದೆ.

ಯುದ್ಧ ಮಾಡಿದ ಹಡಗು, ರಾಜರಾಣಿಯರು ಹತ್ತಿದ ಹಡಗು ಮಾತ್ರ ಉಳಿಯಬೇಕು ಎನ್ನುವುದನ್ನೂ ನಾನು ಒಪ್ಪುವುದಿಲ್ಲ. 1955ರ ‘ಶೀಲ್ಡ್‌ಹಾಲ್’ ಗ್ಲಾಸ್ಗೋ ನಗರದ ಚರಂಡಿಯ ರೊಚ್ಚನ್ನು ಸಮುದ್ರಕ್ಕೆ ಸಾಗಿಸುತ್ತಿದ್ದ ಹಡಗು. ಬೇಸಿಗೆಯಲ್ಲಿ ಅದರಲ್ಲೇ ಪ್ರಯಾಣಿಕರನ್ನೂ ಕರೆದುಕೊಂಡು ಹೋಗುತ್ತಿದ್ದರು! ಅದರ ಒಡಲಲ್ಲಿ ಸ್ವಲ್ಪ ಭಾಗ ರಿವೆಟ್, ಸ್ವಲ್ಪ ಭಾಗ ವೆಲ್ಡಿಂಗ್. ಒಂದು ಕಸುಬು ಇಳಿದು ಇನ್ನೊಂದು ಏರಿದ ಕಾಲ ಅದರ ಮೈಮೇಲೇ ಕಾಣುತ್ತದೆ. 1988ರಲ್ಲಿ ಅದನ್ನು ಕೊಂಡ ಸ್ವಯಂಸೇವಕರು ಮತ್ತೆ ಓಡುವ ಹಾಗೆ ಮಾಡಿದರು. ಅಷ್ಟು ದೊಡ್ಡ ಬಾಯ್ಲರ್ ತಣ್ಣಗಿದ್ದರೆ ಅವಸರ ಮಾಡುವ ಹಾಗಿಲ್ಲ. ಒಂದು ಕಡೆ ಬಿಸಿಯಾಗಿ ಇನ್ನೊಂದು ಕಡೆ ತಣ್ಣಗೆ ಉಳಿದರೆ ಪ್ಲೇಟು, ಟ್ಯೂಬು ಎಲ್ಲ ಎಳೆದಾಡುತ್ತವೆ. ಸಣ್ಣ ಬೆಂಕಿಯಲ್ಲಿ ನಿಧಾನವಾಗಿ ಏರಿಸಬೇಕು. ರಾತ್ರಿಯೆಲ್ಲ ಯಾರೋ ಒಬ್ಬರು ಬಾಯ್ಲರ್ ಒಳಗಿನ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸಿನ ನೀರು ನೋಡುತ್ತಾ ಕೂತಿದ್ದರೇನೇ ಬೆಳಿಗ್ಗೆ ಪ್ರಯಾಣಿಕರು ಹತ್ತಲು ಆಗುವುದು.

ಮೆಡ್ವೇ ಕ್ವೀನ್ ಇನ್ನೂ ಸ್ವಂತ ಉಗಿಯಲ್ಲಿ ಓಡುವ ಹಂತಕ್ಕೆ ಬಂದಿಲ್ಲ. ಓಡಲಿ ಎನ್ನುವುದು ನನ್ನ ಆಸೆ. ಆದರೆ ಅಷ್ಟರಲ್ಲಿ ಆ ಒಡಲಿನ ಒಳಗೆ ನಾಲ್ಕು ಹುಡುಗರು, ನಾಲ್ಕು ಹುಡುಗಿಯರು ಬೆರಳಿಟ್ಟು ರಿವೆಟ್ ಪರೀಕ್ಷೆ ಮಾಡುವುದನ್ನು ಕಲಿತರೆ ನನಗೆ ಅದಕ್ಕಿಂತ ಜಾಸ್ತಿ ಖುಷಿ.

ಮೇಸ್ತ್ರಿ ಹೋಗುವ ಮುಂಚೆ ಆ ಸಣ್ಣ ಸುತ್ತಿಗೆ ನನಗೆ ಕೊಟ್ಟಿದ್ದರು. ಹಿಡಿ ಎರಡು ಸಲ ಬದಲಾಯಿಸಿದ್ದೇನೆ. ಎರಡು ಪ್ಲೇಟಿಗೆ ಆರು ರಿವೆಟ್ ಹೊಡೆದ ಒಂದು ತುಂಡೂ ಇಟ್ಟುಕೊಂಡಿದ್ದೇನೆ, ಅದರಲ್ಲಿ ಒಂದು ರಿವೆಟ್ ಸಡಿಲ. ಯಾವುದು ಎಂದು ಹೇಳುವುದಿಲ್ಲ. ಕಲಿಯುವ ಆಸೆ ಇರುವವರು ಇನ್‌ಬಾಕ್ಸ್‌ಗೆ ಒಂದು ಮೆಸೇಜ್ ಹಾಕಿ, ಒಂದು ಗಂಟೆ ಬಿಡುವು ಮಾಡಿಕೊಂಡು ಬನ್ನಿ.