ಸಾಹೇಬರ ಕಾರಿಗೊಂದು ಗೋಪುರ

ಮಡಿಕೇರಿಯಲ್ಲಿ ಮಳೆ ಹಿಡಿಯಿತು ಅಂದರೆ ಎರಡು ಸುದ್ದಿ ಗ್ಯಾರಂಟಿ ಅನ್ನುವಂತಿತ್ತು. ಒಂದು, ಗುಡ್ಡ ಜರಿದು ರಸ್ತೆ ಬಂದ್. ಇನ್ನೊಂದು, ಕೋಟೆಯ ಅರಮನೆ ಸೋರುತ್ತಿದೆ. ರಸ್ತೆಗಾದರೆ ಜೆಸಿಬಿ ಬರುತ್ತಿತ್ತು. ಅರಮನೆಗೆ ಪ್ಲಾಸ್ಟಿಕ್ ಹೊದಿಕೆ. ವರ್ಷಕ್ಕೆ ನೂರು ಇಂಚು ದಾಟಿ ಮಳೆ ಸುರಿಯುವ ಊರಲ್ಲಿ ಕೊಡಗು ರಾಜ್ಯದ ಸಿಂಹಾಸನವಿದ್ದ ಜಾಗಕ್ಕೆ ನಾವು ಕೊಟ್ಟ ಮರ್ಯಾದೆ ಇದು.

ಕೋಟೆಯ ಕಥೆ ನಿಮಗೆ ಗೊತ್ತಿರುವುದೇ. ಕೊಡಗಿನ ಅರಸ ಮುದ್ದುರಾಜ 1681ರಲ್ಲಿ ಹಾಲೇರಿ ಬಿಟ್ಟು ಇಲ್ಲಿಗೆ ಬಂದು ರಾಜಧಾನಿ ಮಾಡಿಕೊಂಡ, ಮಣ್ಣಿನ ಕೋಟೆ ಕಟ್ಟಿಸಿದ. ಟಿಪ್ಪು ಬಂದು ಅದನ್ನು ಕಲ್ಲಿನದು ಮಾಡಿ ಜಾಫರಾಬಾದ್ ಅಂತ ಹೆಸರಿಟ್ಟ. 1790ರಲ್ಲಿ ದೊಡ್ಡವೀರರಾಜೇಂದ್ರ ಕಿತ್ತುಕೊಂಡ. ಲಿಂಗರಾಜೇಂದ್ರ 1812ರಿಂದ 1814ರ ನಡುವೆ ಅರಮನೆಗೆ ಇಟ್ಟಿಗೆ, ಗಾರೆ ಹಾಕಿಸಿ ಗಟ್ಟಿ ಮಾಡಿಸಿದ. 1834ರಲ್ಲಿ ಇಂಗ್ಲಿಷರು ಬಂದು ಚಿಕವೀರರಾಜೇಂದ್ರನನ್ನು ಇಳಿಸಿ ಕಾಶಿಗೆ ಸಾಗಹಾಕಿದರು. ಪಾಪ, ಇವರೆಲ್ಲ ಸೈನ್ಯ, ತೋಪು, ಮದ್ದುಗುಂಡು ಅಂತ ಎಷ್ಟು ಖರ್ಚು ಮಾಡಿದರೋ! ನಮ್ಮ ಸರ್ಕಾರಿ ಕಚೇರಿಗಳು ಒಂದು ಗುಂಡೂ ಹಾರಿಸಲಿಲ್ಲ. ಬೀರು ತಂದಿಟ್ಟವು, ಕಡತ ಪೇರಿಸಿದವು, ಕೋಟೆ ಕೈವಶ.

ಆದರೆ ನನ್ನ ಮೆಚ್ಚುಗೆ ಪೂರ್ತಿ ಇರುವುದು ಗಡಿಯಾರದ ಗೋಪುರದ ಮೇಲೆ. ಕೋಟೆಯ ಗೋಪುರ ಅಂದರೆ ಶತ್ರು ಬರುವುದನ್ನು ನೋಡಲು ಕಟ್ಟಿದ್ದು ಅಂತ ನೀವು ಅಂದುಕೊಂಡಿರುತ್ತೀರಿ. ಅಲ್ಲವೇ ಅಲ್ಲ. ಈ ಗೋಪುರವನ್ನೂ ಅದರ ಜೊತೆಗಿನ ಪೋರ್ಟಿಕೋವನ್ನೂ 1933ರಲ್ಲಿ ಇಂಗ್ಲಿಷರು ಅರಮನೆಗೆ ಅಂಟಿಸಿದ್ದು. ಯಾಕೆ? ಕಮಿಷನರ್ ಸಾಹೇಬರ ಕಾರು ನಿಲ್ಲಿಸಲಿಕ್ಕೆ!

ಸ್ವಲ್ಪ ಯೋಚಿಸಿ. ರಾಜರು ಆನೆ ಕಟ್ಟುತ್ತಿದ್ದ ಊರು. ಅಂಗಳದಲ್ಲಿ ಈಗಲೂ ಗಾರೆಯ ಆನೆಗಳೆರಡು ನಿಂತಿವೆ, ನಿಜವಾದ ಆನೆಯಷ್ಟೇ ಎತ್ತರಕ್ಕೆ. ಅವಕ್ಕೆ ಸೂರಿಲ್ಲ. ಮಳೆ, ಬಿಸಿಲು, ಮಂಜು ಎಲ್ಲವನ್ನೂ ಮೈಮೇಲೆ ಹಾಕಿಕೊಂಡು ನಿಂತಿವೆ. ಕಾರಿಗೆ ಮಾತ್ರ ಸೂರು ಬೇಕು, ಸೂರಿನ ಮೇಲೆ ಗೋಪುರ ಬೇಕು, ಗೋಪುರದಲ್ಲಿ ಗಡಿಯಾರ ಬೇಕು. ಸಾಹೇಬರು ಕಚೇರಿಗೆ ಎಷ್ಟು ತಡವಾಗಿ ಬಂದರು ಅಂತ ಊರಿಗೆಲ್ಲ ಗೊತ್ತಾಗಲಿ ಅಂತಲೋ ಏನೋ. ಇಂಗ್ಲಿಷರು ಹೋದರು, ಪೋರ್ಟಿಕೋ ಪದ್ಧತಿ ಹೋಗಲಿಲ್ಲ. ಯಾವ ಜಿಲ್ಲಾ ಕಚೇರಿಗೆ ಬೇಕಾದರೂ ಹೋಗಿ ನೋಡಿ. ಬಾಗಿಲ ಮುಂದಿನ ನೆರಳು ಸಾಹೇಬರ ಗಾಡಿಗೆ. ಪಹಣಿ ತಿದ್ದುಪಡಿಗೆ ಬಂದ ಅಜ್ಜಿ ಒದ್ದೆ ಕೊಡೆ ಮಡಚಿಕೊಂಡು ಗೋಡೆ ಪಕ್ಕ ನಿಂತಿರಬೇಕು. ಗಾಡಿ ನೆನೆದರೆ ತುಕ್ಕು ಹಿಡಿಯುತ್ತೆ, ಅಜ್ಜಿಗೆ ಹಿಡಿಯಲ್ಲ, ಅಲ್ವಾ?

ಅಂದಹಾಗೆ, ಇಂಗ್ಲಿಷರು ಕಾರೊಂದಕ್ಕೇ ಜಾಗ ಮಾಡಿಕೊಂಡವರಲ್ಲ. ಕೋಟೆಯೊಳಗಿದ್ದ ವೀರಭದ್ರ ದೇವಸ್ಥಾನವನ್ನು 1855ರಲ್ಲಿ ಕೆಡವಿ, 1859ರಲ್ಲಿ ಅಲ್ಲಿ ಚರ್ಚ್ ಎಬ್ಬಿಸಿದರು. ಈಗ ಅದು ಮ್ಯೂಸಿಯಂ. ಬಂದವರೆಲ್ಲ ಇದ್ದುದನ್ನು ತಳ್ಳಿ ತಮ್ಮದನ್ನು ಇಟ್ಟವರೇ. ಈಗಿನ ಪ್ರವಾಸಿಗಳೂ ಅದೇ ವಂಶದವರು. ಅಪ್ಪ ಮಗುವನ್ನು ಗಾರೆಯಾನೆಯ ಕಾಲಿಗೆ ಹತ್ತಿಸುತ್ತಾನೆ, ಅಮ್ಮ "ಪುಟ್ಟಾ, ಇಲ್ನೋಡು" ಅನ್ನುತ್ತಾಳೆ, ಪುಟ್ಟ ಎತ್ತಲೋ ನೋಡುತ್ತಾನೆ. ಸರಿ ಬರುವ ತನಕ ಹತ್ತು ಫೋಟೋ. ಅಷ್ಟರಲ್ಲಿ ಮಾವ ಕೀಲಿಕೈ ತೆಗೆದು ಗೋಡೆಯ ಮೇಲೆ ಹೆಸರು ಕೆತ್ತುತ್ತಿರುತ್ತಾನೆ. ಮೊದಲಕ್ಷರ, ನಡುವೆ ಹೃದಯ, ಬಾಣ. ಲಿಂಗರಾಜೇಂದ್ರನಿಗೂ ತನ್ನ ಹೆಸರು ಇಷ್ಟು ಕಡೆ ಬರೆಸಲು ಆಗಿರಲಿಲ್ಲ.

ಇದಕ್ಕೆ ಕಾನೂನಿಲ್ಲವೇ? ಇದೆ ಸ್ವಾಮಿ, ಬಲು ಗಟ್ಟಿ ಕಾನೂನು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ. ಹಳೇ ಮನೆ ರಿಪೇರಿಗೂ ಅನುಮತಿ ಬೇಕು. ಅದರಾಚೆ ಇನ್ನೂ 200 ಮೀಟರ್ ದೂರಕ್ಕೆ ನಿರ್ಬಂಧ. ಅಂದರೆ ಕೋಟೆಯ ಪಕ್ಕದ ಬೀದಿಯವನು ಅಡುಗೆಮನೆ ಗೋಡೆ ಬಿದ್ದರೆ ಅರ್ಜಿ ಹಿಡಿದು ಅಲೆಯಬೇಕು. ಆದರೆ ಕೋಟೆಯೊಳಗೇ, ಅರಮನೆಯಲ್ಲೇ ಕುರ್ಚಿ ಹಾಕಿಕೊಂಡು ಕೂತ ಸರ್ಕಾರ?

ಅದನ್ನು ಎಬ್ಬಿಸಲಿಕ್ಕೆ ಹೈಕೋರ್ಟೇ ಬೇಕಾಯಿತು. ಸಾಮಾನ್ಯ ಮನುಷ್ಯನೊಬ್ಬ ಅರ್ಜಿ ಹಾಕಬೇಕಾಯಿತು, ವಕೀಲರು ಓಡಾಡಬೇಕಾಯಿತು, ನ್ಯಾಯಮೂರ್ತಿಗಳು ಕೂತು ಕೇಳಬೇಕಾಯಿತು. ಯಾಕೆ? ಮಾಡು ಸೋರುತ್ತಿದೆ, ಸರಿಮಾಡಿ ಅಂತ ಹೇಳಲಿಕ್ಕೆ. ಸೋರುವ ಮಾಡಿನ ಕೆಳಗೇ ದಿನಾ ಕೂತು ಸಹಿ ಹಾಕುತ್ತಿದ್ದವರಿಗೆ ಹೇಳಲಿಕ್ಕೆ! ತಲೆ ಮೇಲೆ ನೀರು ಬಿದ್ದರೂ ಗೊತ್ತಾಗದವರಿಗೆ ತಗಾದೆ ಮಾಡುವುದು ಹೇಗೆ? ನನಗಂತೂ ಇದರಲ್ಲಿ ನಗು ಬರುವುದು ನಿಂತು ಬಹಳ ದಿನ ಆಯಿತು. ಆ ಮಾಡಿನ ಕೆಳಗೆ ಕಮಿಷನರ ಕಾರಿದ್ದಿದ್ದರೆ ಒಂದೇ ಬೇಸಿಗೆಯಲ್ಲಿ ರಿಪೇರಿ ಮುಗಿದಿರುತ್ತಿತ್ತು.