ಬಾರ್ಡರ್‌ಗೆ ಯಾಕಿಷ್ಟು ತಾತ್ಸಾರ?

ಮಡಿಕೇರಿಯಲ್ಲಿ ಇವತ್ತು ಕರಕುಶಲ ವಸ್ತುಗಳ ಮಾರಾಟಕ್ಕೆ ಹೋಗಿ ಬಂದೆ. ತಲೆ ಇನ್ನೂ ಬಿಸಿಯಾಗಿದೆ. ಮೇಜಿನ ಮೇಲೊಂದು ಕ್ವಿಲ್ಟು, ಅಂದರೆ ಬಟ್ಟೆ ತುಂಡು ಜೋಡಿಸಿ ಹೊಲಿದ, ನಮ್ಮ ಕೌದಿಯಂಥ ಹೊದಿಕೆ. ನಡುವೆ ನಕ್ಷತ್ರದ ಬ್ಲಾಕುಗಳು (ತುಂಡು ಬಟ್ಟೆ ಸೇರಿಸಿ ಮಾಡಿದ ಚೌಕಗಳು), ಒಂದು ತುದಿಯೂ ಮೊಂಡಾಗಿಲ್ಲ, ಅಷ್ಟು ಚೆಂದದ ಕೆಲಸ. ಸುತ್ತ ಮಾತ್ರ ಸಾದಾ ನೀಲಿ ಪಟ್ಟಿ, ಅದೂ ಅಲೆಅಲೆಯಾಗಿ ಎದ್ದು ನಿಂತಿದೆ. ಕೇಳಿದರೆ, "ಬಾರ್ಡರ್ ತಾನೇ ಮೇಡಂ, ಯಾರು ನೋಡ್ತಾರೆ?"

ನಾನು ನೋಡ್ತೀನಿ! ಸೀರೆ ಅಂಗಡಿಯಲ್ಲಿ ಮೊದಲು ಅಂಚು, ಸೆರಗು ಬಿಡಿಸಿ ತೋರಿಸಿ ಅನ್ನೋ ನಾವೇ ಕ್ವಿಲ್ಟಿನ ಅಂಚನ್ನ ಹೀಗೆ ಅನಾಥ ಮಾಡೋದಾ?

ಪಟ್ಟಿ ಅಲೆ ಏಳೋದಕ್ಕೆ ಕಾರಣ ಇದೆ. ಉದ್ದ ಪಟ್ಟಿಯನ್ನ ಮಿಷನ್‌ಗೆ ಕೊಟ್ಟು ಹೊಲೀತಾ ಹೋಗಿ, ಉಳಿದದ್ದನ್ನ ಕತ್ತರಿಸಿಬಿಡ್ತಾರೆ. ಅಷ್ಟರಲ್ಲಿ ನಡುಭಾಗದ ಹೊರಅಂಚು ಕೈಯಾಡಿ ಕೈಯಾಡಿ ಹಿಗ್ಗಿರುತ್ತೆ, ಪಟ್ಟಿಯೂ ಆ ಹಿಗ್ಗಿದ ಉದ್ದಕ್ಕೇ ಬರುತ್ತೆ. ಅಳತೆ ತಗೋಬೇಕಾದ್ದು ಅಂಚಲ್ಲಲ್ಲ, ಕ್ವಿಲ್ಟಿನ ಮಧ್ಯೆ ಟೇಪು ಹಾಸಿ. ಆ ಅಳತೆಗೇ ಪಟ್ಟಿ ಕತ್ತರಿಸಿ, ಆಮೇಲೆ ನಡುವಿಗೊಂದು ಪಿನ್ನು, ತುದಿಗಳಿಗೊಂದೊಂದು ಪಿನ್ನು.

ಸಾದಾ ಪಟ್ಟಿ ಬದಲು ಸುತ್ತ ಬ್ಲಾಕುಗಳನ್ನೇ ಸಾಲಾಗಿ ಜೋಡಿಸೋ ಬ್ಲಾಕ್ ಬಾರ್ಡರ್ ಅಂದರೆ ಜನ ಹೆದರೋದು ಲೆಕ್ಕಕ್ಕೆ. ನಡುಭಾಗ 48 ಇಂಚು ಅಗಲ, 60 ಇಂಚು ಉದ್ದ ಇದ್ದರೆ ಹೊಲಿದ ಮೇಲೆ 6 ಇಂಚು ಬರೋ ಬ್ಲಾಕು ಅಗಲದ ಎರಡು ಬದಿಗೆ 8ರಂತೆ, ಉದ್ದದ ಎರಡು ಬದಿಗೆ 10ರಂತೆ, ಮೂಲೆಗಳಿಗೆ 4. ಒಟ್ಟು 40, ಮುಗೀತು. ನಿಮ್ಮದು 46 ಮತ್ತು 58 ಬಂತಾ? ಒಂದೂವರೆ ಇಂಚಿನ ತೆಳು ಪಟ್ಟಿ ಕತ್ತರಿಸಿ ಸುತ್ತ ಹೊಲೀರಿ. ಹೊಲಿಗೆಗೆ ಹೋಗಿ ಒಂದಿಂಚು ಉಳಿಯುತ್ತೆ, ನಡುಭಾಗ 48, 60 ಆಗುತ್ತೆ. ಹೊಲಿಗೆಗೆ ಅಂಚಲ್ಲಿ ಬಿಡೋ ಕಾಲಿಂಚು ಮಾತ್ರ ಕಾಲಿಂಚೇ ಇರಬೇಕು. ಪ್ರತಿ ಬ್ಲಾಕಿನ ಎರಡೂ ಬದಿಯಲ್ಲಿ ಇಂಚಿನ ಹದಿನಾರನೇ ಒಂದು ಪಾಲು ಹೆಚ್ಚಾಗಿ ಒಳಗೆ ಹೋದರೂ ಹತ್ತು ಬ್ಲಾಕಿನ ಸಾಲು ಒಂದಿಂಚಿಗೂ ಮಿಕ್ಕಿ ಗಿಡ್ಡ ಆಗುತ್ತೆ. ಹಿಂಬದಿಯಲ್ಲಿ ಒಂದು ಹೊಲಿಗೆಯ ಅಂಚು ಎಡಕ್ಕೆ, ಎದುರಿಂದು ಬಲಕ್ಕೆ ಬಾಗಿಸಿ ಇಸ್ತ್ರಿ ಮಾಡಿದರೆ ಜಾಯಿಂಟು ಒಂದಕ್ಕೊಂದು ಕಚ್ಚಿ ಕೂರುತ್ತೆ. ಬೆರಳಿಗೇ ಗೊತ್ತಾಗುತ್ತೆ.

"ಅಷ್ಟೆಲ್ಲ ಮಾಡಿದರೆ ರೇಟು ಏರುತ್ತೆ, ಯಾರೂ ತಗೊಳ್ಳಲ್ಲ" ಅಂತಾರೆ. ಸರಿ, ಸಾದಾ ಪಟ್ಟಿಯನ್ನೇ ಹಾಕಿ. ಆದರೆ ಅಳೆದು ಹಾಕಿ! ಅಳೆಯೋದಕ್ಕೆ ದುಡ್ಡು ಬೇಕಾಗಿಲ್ಲ. ಇದು ರೇಟಿನ ಮಾತೇ ಅಲ್ಲ, ಕೊನೆಗೆ ಬರೋ ಕೆಲಸ ಅಂದರೆ ಸಸಾರ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಸಮುದಾಯದ ಹೆಂಗಸರು ಕೌದಿ ಹೊಲಿಗೆ ಶುರುಮಾಡೋದೇ ಅಂಚಿನಿಂದ. ಸುತ್ತಿ ಸುತ್ತಿ ನಡುವಿಗೆ ಬರ್ತಾರೆ. ಮೂಲೆಗಳಲ್ಲಿ ಮಡಿಚಿದ ಬಟ್ಟೆಯ 'ಫುಲ' ಇಲ್ಲದಿದ್ದರೆ ಅವರ ಕಣ್ಣಿಗೆ ಕೌದಿ ಬೆತ್ತಲೆ. ಎಲ್ಲ ಹಳೇ ಸೀರೆ, ಹಳೇ ಬಟ್ಟೆಯಲ್ಲೇ. ಅವರಿಗಿರೋ ಅಂಚಿನ ಮರ್ಯಾದೆ ಹೊಸ ಬಟ್ಟೆ, ಹೊಸ ಮಿಷನ್ ಇಟ್ಕೊಂಡ ನಮಗೆ ಯಾಕಿಲ್ಲ?

ನನಗೆ ಇದು ಬರೀ ಹವ್ಯಾಸ ಅಲ್ಲ. ಅಮ್ಮ ತೀರಿಕೊಂಡ ವರ್ಷ, ಕಕ್ಕಡ ತಿಂಗಳ ಮಳೆಗಾಲದಲ್ಲಿ, ಕರೆಂಟಿಲ್ಲದ ಮನೆಯಲ್ಲಿ, ಮಳೆ ಬಿಡದೆ ಹೊಯ್ಯುವಾಗ ನಾನು ಕೈಯಲ್ಲಿ ಹೊಲಿದದ್ದು ಅವಳ ಸೀರೆಗಳಿಂದ ಕ್ವಿಲ್ಟಿನ ಬಾರ್ಡರ್ ಬ್ಲಾಕುಗಳನ್ನೇ. ಅದಕ್ಕೇ "ಯಾರು ನೋಡ್ತಾರೆ" ಅಂದಾಗ ಮೈ ಉರಿಯಿತು.

ನಡುಭಾಗ ಮುಗಿಸಿ, ಬಾರ್ಡರ್‌ಗೆ ಹೆದರಿ ಟ್ರಂಕಲ್ಲಿ ಇಟ್ಟವರಿದ್ದರೆ ಭಾನುವಾರ ಮಧ್ಯಾಹ್ನ ಮನೆಗೆ ತನ್ನಿ, ಕೂತು ಅಳೆಯೋಣ. ಬಾರ್ಡರ್ ಬಟ್ಟೆ ಈಗಲೇ ಒಗೆದು ಹಾಕಿ, ಈ ಹವೆಯಲ್ಲಿ ಒಣಗೋಕೆ ದಿನಗಟ್ಟಲೆ ಬೇಕು.