ಒಂದು ದಂಟು ಸೆಲರಿ

ಸೂಪಿಗೆ ಬೇಕಾಗಿದ್ದದ್ದು ಒಂದು ದಂಟು. ತಂದದ್ದು ಹದಿಮೂರು. ಇದು ಒಂಬತ್ತನೆಯ ದಿನ. ಬೆಳಿಗ್ಗೆ ಫ್ರಿಜ್ಜಿನ ಕೆಳಗಿನ ಪೆಟ್ಟಿಗೆಯಿಂದ ಒಂದನ್ನು ಎಳೆದರೆ ಅದು ನನ್ನ ಕೈಯಲ್ಲೇ ನಡು ಬಗ್ಗಿಸಿ ನಮಸ್ಕಾರ ಮಾಡಿತು. ತರಕಾರಿಯಿಂದ ನಾನು ಅಷ್ಟೊಂದು ವಿನಯವನ್ನು ಬಯಸುವವನಲ್ಲ.

ಅಡುಗೆಯ ವಿಧಾನ ಬರೆಯುವವರ ಮೇಲೆ ನನಗೆ ಸಿಟ್ಟಿದೆ. ‘ಸೆಲರಿ, ಒಂದು ದಂಟು’ ಎಂದು ಎಷ್ಟು ಸಲೀಸಾಗಿ ಬರೆದುಬಿಡುತ್ತಾರೆ! ಆ ಒಂದೇ ದಂಟನ್ನು ಯಾವ ಪುಣ್ಯಾತ್ಮ ಮಾರುತ್ತಾನೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಈರುಳ್ಳಿ, ಕ್ಯಾರೆಟ್, ಸೆಲರಿ ಮೂರನ್ನೂ ಸಣ್ಣಗೆ ಹೆಚ್ಚಿ ಬೆಣ್ಣೆಯಲ್ಲಿ ಬಾಡಿಸಿದರೆ ಫ್ರೆಂಚರ ಒಗ್ಗರಣೆ ಆಯಿತಂತೆ. ಅಂದರೆ ಇದು ಅವರ ಕರಿಬೇವು. ಆಗಲಿ. ಆದರೆ ನಮ್ಮ ಕರಿಬೇವು ಬರುವುದು ಕೊಸರಿಗೆ. ಅರ್ಧ ಕೆಜಿ ಹುರುಳಿಕಾಯಿ ಕೊಂಡವರ ಚೀಲಕ್ಕೆ ಗಾಡಿಯವಳು ತಾನಾಗಿಯೇ ಎರಡು ಕಡ್ಡಿ ತುರುಕುತ್ತಾಳೆ. ಎರಡು ಕಡ್ಡಿ ಬೇಕೆಂದವನಿಗೆ ಮರವನ್ನೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಾರ್‌ಕೋಡ್ ಅಂಟಿಸಿ ಕೊಡುವ ಪದ್ಧತಿ ನಮ್ಮಲ್ಲಿ ಇನ್ನೂ ಬಂದಿಲ್ಲ. ಬರುತ್ತದೆ, ಸಂಶಯ ಬೇಡ.

ಸೆಲರಿಯ ವಿಷಯದಲ್ಲಿ ಈಚೆಗೆ ನನಗೊಂದು ದೊಡ್ಡ ಸತ್ಯ ಹೊಳೆದಿದೆ. ಅದನ್ನು ಹೇಳಬೇಕೆಂದೇ ಕುಳಿತಿದ್ದೇನೆ. ಆದರೆ ಆರಿಸುವ ಮಾತು ಮೊದಲು ಮುಗಿಯಲಿ. ಒಳ್ಳೆಯ ಸೆಲರಿಯನ್ನು ಕಣ್ಣಿನಿಂದ ಅಲ್ಲ, ಕಿವಿಯಿಂದ ಆರಿಸಬೇಕು. ಮುರಿದರೆ ‘ಲಟಕ್’ ಎನ್ನಬೇಕು. ಲಟಕ್ ಎಂದರೆ ನನಗೆ ನೆನಪಾಗುವುದು ದೊಡ್ಡಪ್ಪ.

ದೊಡ್ಡಪ್ಪ ಮೈಸೂರಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದರು. ಭಾನುವಾರ ಬೆಳಿಗ್ಗೆ ದೇವರಾಜ ಮಾರುಕಟ್ಟೆಗೆ ಚಿಕ್ಕ ಗಡಿಯಾರದ ಕಡೆಯಿಂದ ಒಳಹೊಕ್ಕು, ಹೂವಿನವರ ಕೂಗಾಟಕ್ಕೂ ರಸಬಾಳೆಯ ವಾಸನೆಗೂ ಮನಸೋಲದೆ ನೆಟ್ಟಗೆ ಬೆಂಡೆಕಾಯಿಯ ರಾಶಿಯ ಮುಂದೆ ನಿಲ್ಲುತ್ತಿದ್ದರು. ಚೀಲ ಹಿಡಿಯುವ ಕೆಲಸ ನನ್ನದು. ಒಂದೊಂದೇ ಕಾಯಿಯನ್ನು ಎತ್ತಿ, ಹೆಬ್ಬೆರಳಿನಿಂದ ತುದಿಯನ್ನು ಒತ್ತುವರು. ಲಟಕ್ ಎಂದರೆ ಚೀಲಕ್ಕೆ. ಬಗ್ಗಿದರೆ ರಾಶಿಗೆ ವಾಪಸು. ಅರ್ಧ ಕೆಜಿ ಆರಿಸುವಷ್ಟರಲ್ಲಿ ಆ ರಾಶಿ ನೋಡುವಂತಿರುತ್ತಿರಲಿಲ್ಲ. ಕತ್ತು ಬಾಗಿದ ಬೆಂಡೆಕಾಯಿಗಳು ಪರೀಕ್ಷೆಯಲ್ಲಿ ನಪಾಸಾದ ಹುಡುಗರಂತೆ ಮುಖ ತಗ್ಗಿಸಿ ಮಲಗಿರುತ್ತಿದ್ದವು. ಮಾರುವ ಮುದುಕಿ ಎರಡು ವಾರ ಗೊಣಗಿದಳು. ಮೂರನೆಯ ವಾರ ಕಾಯಿಗಳ ಮೇಲೆ ಗೋಣಿತಾಟು ಹೊದಿಸಿಟ್ಟಳು. ದೊಡ್ಡಪ್ಪ ತಾಟಿನ ಅಡಿಗೇ ಕೈ ತೂರಿಸಿದರು. ಒಳಗಿನಿಂದ ಲಟಕ್ ಲಟಕ್ ಕೇಳಿಸತೊಡಗಿತು.

ನಾಲ್ಕನೆಯ ವಾರ ಅವಳು ಗೊಣಗಲಿಲ್ಲ, ತಾಟನ್ನೂ ಹೊದಿಸಿರಲಿಲ್ಲ. ದೊಡ್ಡಪ್ಪ ಕೈ ಚಾಚುತ್ತಿದ್ದಂತೆ ಅವರ ತೋರುಬೆರಳನ್ನೇ ಹಿಡಿದುಕೊಂಡಳು. “ತಡೆಯಿರಿ ಸ್ವಾಮಿ, ನಾನೂ ಒಂದು ನೋಡಿಬಿಡುತ್ತೇನೆ” ಎಂದು ಎಳೆದಳು. ಗಿಣ್ಣು ಸುತ್ತಲಿನ ನಾಲ್ಕು ಅಂಗಡಿಗಳಿಗೂ ಕೇಳಿಸುವಂತೆ ಲಟಕ್ ಎಂದಿತು. ಅವಳು ತಲೆಯಾಡಿಸಿ, “ಅಡ್ಡಿಯಿಲ್ಲ, ಇನ್ನೂ ಎಳೆಯದೇ” ಎಂದಳು. ಬದನೆಕಾಯಿಯವನು ನಕ್ಕ. ತೆಂಗಿನಕಾಯಿಯವನು ನಕ್ಕ. ನಾನು ಚೀಲದಲ್ಲಿ ಮುಖ ಮುಚ್ಚಿಕೊಂಡು ನಕ್ಕೆ. ದೊಡ್ಡಪ್ಪ ಮಾತ್ರ ಬೆರಳನ್ನು ಬಿಡಿಸಿಕೊಂಡು ಅದನ್ನೇ ಸ್ವಲ್ಪ ಹೊತ್ತು ನೋಡಿದರು. ಐವತ್ತೆಂಟು ವರ್ಷದವರಿಗೆ ‘ಎಳೆಯದು’ ಎನ್ನುವ ಪ್ರಮಾಣಪತ್ರವನ್ನು ಯಾರು ಕೊಡುತ್ತಾರೆ? ಆ ವಾರದಿಂದ ಅವರು ಬೇರೆ ಅಂಗಡಿಯ ಕಡೆ ತಿರುಗಿಯೂ ನೋಡಲಿಲ್ಲ. ರಾಶಿಯನ್ನು ಮುಟ್ಟಲೂ ಇಲ್ಲ. ಅವಳು ಬಾಚಿ ಹಾಕಿದ್ದನ್ನು ಹಾಗೆಯೇ ಮನೆಗೆ ತರುತ್ತಿದ್ದರು. ಅರ್ಧಕ್ಕರ್ಧ ನಾರು. ಗೊಜ್ಜು ತಿನ್ನುತ್ತಾ ದೊಡ್ಡಮ್ಮ ಬಾಯಿಂದ ದಾರದಂಥದ್ದನ್ನು ಎಳೆದು ತಟ್ಟೆಯ ಅಂಚಿಗೆ ಇಡುತ್ತಾ “ಇದನ್ನು ಯಾರು ಆರಿಸಿದ್ದು?” ಎಂದು ಕೇಳುವರು. ದೊಡ್ಡಪ್ಪ ಮಜ್ಜಿಗೆ ಬಡಿಸೆನ್ನುವರು.

ಇರಲಿ. ಸೂಪರ್ ಮಾರ್ಕೆಟ್ಟಿನ ಸೆಲರಿಗೆ ಹೀಗೆ ಬೆರಳು ಹಿಡಿಯುವವರೂ ಇಲ್ಲ. ನಾನು ಒಮ್ಮೆ ಪ್ಲಾಸ್ಟಿಕ್ಕಿನ ಮೇಲಿಂದಲೇ ಒಂದು ದಂಟನ್ನು ಮುರಿದು ನೋಡಿದೆ. ಸಮವಸ್ತ್ರದ ಹುಡುಗನೊಬ್ಬ ಓಡಿ ಬಂದು, ಬಹಳ ಮರ್ಯಾದೆಯಿಂದ, ಅದನ್ನು ನನ್ನ ಬುಟ್ಟಿಗೆ ಹಾಕಿ ಹೋದ. ಆಮೇಲೆ ಕಣ್ಣಿನಿಂದಲೇ ಆರಿಸುವುದನ್ನು ಕಲಿತೆ. ಎಲೆಯ ತುದಿ ಹಸಿರಾಗಿರಬೇಕು. ಬುಡದ ಕೊಯ್ದ ಜಾಗ ಬಿಳಿಯಾಗಿರಬೇಕು. ಕಂದಾಗಿದ್ದರೆ ಕೊಯ್ದು ಬಹಳ ದಿನವಾಗಿದೆ. ನಡುವಿನ ಎಳೆಯ ಸುಳಿ ಕಪ್ಪಾಗಿರಬಾರದು. ಸುಳಿಗೆ ಸುಣ್ಣದ ಅಂಶ ಏರದಿದ್ದರೆ, ನೀರು ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾದರೆ ಹಾಗಾಗುತ್ತದೆ. ಕೈಯಲ್ಲಿ ಎತ್ತಿದರೆ ತೂಕ ಇರಬೇಕು. ಹೊರಗೆ ಮೈ ತುಂಬಿ, ಒಳಗೆ ಬೆಂಡು ಬಿದ್ದ ಸೆಲರಿ ಬಲಿತ ಮೂಲಂಗಿಯ ಹಾಗೆಯೇ ಮೋಸ ಮಾಡುತ್ತದೆ. ಸಮಾರಂಭಗಳಲ್ಲಿ ಭಾಷಣ ಮಾಡುವವರನ್ನೂ ಎತ್ತಿ ತೂಗಿ ನೋಡುವ ಹಾಗಿದ್ದರೆ ಎಷ್ಟೋ ಸಂಜೆಗಳು ಉಳಿಯುತ್ತಿದ್ದವು.

ನಾನೇ ಬೆಳೆಯುತ್ತೇನೆಂದು ತಾರಸಿ ಹತ್ತಿದ ಕಥೆಯೂ ಇದೆ. ಬೀಜ ಎಂದರೆ ಬರೀ ಧೂಳು, ಒಂದು ಗ್ರಾಮಿಗೆ 2,000ಕ್ಕೂ ಹೆಚ್ಚು. ಮೇಲೆ ಮಣ್ಣು ಮುಚ್ಚುವಂತಿಲ್ಲ, ಮೊಳೆಯಲು ಅದಕ್ಕೆ ಬೆಳಕು ಬೇಕು. ಮೆಂತ್ಯ ಚೆಲ್ಲಿ ಮೂರನೆಯ ದಿನ ಮೊಳಕೆ ಕಂಡು ಅಭ್ಯಾಸವಾದವನಿಗೆ ಇದರ ಮೂರು ವಾರದ ಮೌನ ಅವಮಾನದಂತೆ ಕಂಡಿತು. ಮೂಲದಲ್ಲಿ ಇದು ಜೌಗುನೆಲದ ಗಿಡ. ಕಾಲು ಸದಾ ಒದ್ದೆಯಾಗಿರಬೇಕು, ತಲೆ ತಂಪಾಗಿರಬೇಕು. ಊಟಿಯಲ್ಲಾದರೆ ಸರಿ. ಏಪ್ರಿಲ್ ತಿಂಗಳಿನಲ್ಲಿ, ಟ್ಯಾಂಕರ್ ನೀರಿಗೆ ಕಾದು ಕುಳಿತ ಬೆಂಗಳೂರಿನ ಮನೆಯಲ್ಲಿ ಎಲ್ಲಿಂದ ತರುವುದು? ಇದರದೇ ಕುಲದ ಕೊತ್ತಂಬರಿ, ಜೀರಿಗೆ, ಓಮ, ಸೋಂಪುಗಳು ನಮ್ಮ ಜೊತೆ ಇಷ್ಟು ಕಾಲದಿಂದ ಹೊಂದಿಕೊಂಡು ಬದುಕಿವೆ. ಇದಕ್ಕೊಂದು ಬಿಂಕ. ಕೊನೆಗೆ ಬಂದದ್ದು ಹಂಚಿಕಡ್ಡಿಯಂಥ ದಂಟು, ಕಹಿ ಎಲೆ. ಮೇಲಿನ ಮನೆಯವರು ಕೊತ್ತಂಬರಿ ಎಂದುಕೊಂಡು ಕಿತ್ತು ಸಾರಿಗೆ ಹಾಕಿದರು. ಆಮೇಲೆ ಅವರು ನಮ್ಮ ಮನೆಯಿಂದ ಮೊಸರಿನ ಹೆಪ್ಪನ್ನು ಕೂಡ ಕೇಳಿಲ್ಲ.

ಚೆನ್ನಾಗಿ ಬೆಳೆದವರ ಊರನ್ನೂ ನೋಡಿದ್ದೇನೆ. ಮಗಳು ಇರುವುದು ಅಮೆರಿಕದ ಮಿಷಿಗನ್ನಿನಲ್ಲಿ, ಕಲಮಜೂ ನಗರದ ಪಕ್ಕದಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಹಾಲೆಂಡಿನಿಂದ ಬಂದ ರೈತರು ಅಲ್ಲಿನ ಕಪ್ಪು ಕೆಸರುನೆಲದಲ್ಲಿ ಸೆಲರಿ ಬೆಳೆದು, ಊರಿಗೆ ‘ಸೆಲರಿ ಸಿಟಿ’ ಎಂಬ ಹೆಸರೇ ಬಂದಿತ್ತು. ದಂಟು ಬಿಸಿಲು ಕಂಡರೆ ಹಸಿರಾಗಿ ಒಗರಾಗುತ್ತದೆಂದು ಸಾಲಿನ ಎರಡೂ ಬದಿಗೆ ಹಲಗೆ ನಿಲ್ಲಿಸಿ, ಮಣ್ಣು ಏರಿಸಿ ಬೆಳ್ಳಗೆ ಮಾಡುತ್ತಿದ್ದರು. ರೈಲು ನಿಂತರೆ ಹುಡುಗರು ಕಟ್ಟು ಹಿಡಿದು ಮಾರಲು ಓಡುತ್ತಿದ್ದರು, ನಮ್ಮ ಮದ್ದೂರಿನಲ್ಲಿ ವಡೆ ಮಾರುವಂತೆ. ಆಗಿನ ಸಿರಿವಂತರು ಸೆಲರಿಯನ್ನು ಗಾಜಿನ ಹೂದಾನಿಯಲ್ಲಿ ನಿಲ್ಲಿಸಿ ಊಟದ ಮೇಜಿನ ನಡುವೆ ಇಡುತ್ತಿದ್ದರು, ನೆಂಟರು ನೋಡಲಿ ಎಂದು. ನಾನು ಹೋಗುವ ಹೊತ್ತಿಗೆ ಆ ಹೊಲಗಳ ಮಂದಿ ಅಂಗಳಕ್ಕೆ ನೆಡುವ ಹೂವಿನ ಸಸಿಗಳಿಗೆ ತಿರುಗಿ ಎಷ್ಟೋ ಕಾಲವಾಗಿತ್ತು. ಸೆಲರಿ ಸಿಟಿಯಲ್ಲಿ ನಾನು ಕೊಂಡದ್ದೂ ಪ್ಲಾಸ್ಟಿಕ್ಕಿನ ಕಟ್ಟನ್ನೇ. ಅಲ್ಲಿಯೂ ಉಳಿಯಿತು.

ಇನ್ನು ಕಾಪಾಡುವ ಮಾತು. ನೂರರಲ್ಲಿ 95 ಪಾಲು ನೀರೇ ಆಗಿರುವ ವಸ್ತುವನ್ನು ಫ್ರಿಜ್ಜಿನ ಒಣಗಾಳಿಯಲ್ಲಿ ಬಿಟ್ಟರೆ ಅದಾದರೂ ಏನು ಮಾಡೀತು? ಎದುರುಮನೆಯ ನಿವೃತ್ತ ಎಂಜಿನಿಯರ್ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿಡಬೇಕೆಂದು ನಲವತ್ತು ನಿಮಿಷ ವಿವರಿಸಿದರು. ನನ್ನ ಹೆಂಡತಿ ತನ್ನ ತಾಯಿ ಕೊತ್ತಂಬರಿಯನ್ನು ಸುತ್ತುತ್ತಿದ್ದಂತೆ ಒದ್ದೆ ಪಂಚೆಯ ತುಂಡಿನಲ್ಲಿ ಸುತ್ತಿದಳು. ಹಾಳೆಯಲ್ಲಿದ್ದದ್ದು ಹೆಚ್ಚು ದಿನ ಗಟ್ಟಿಯಾಗಿತ್ತು. ಇದನ್ನು ನಾನು ಇಲ್ಲಿ ಬರೆಯಬಲ್ಲೆ, ಮನೆಯಲ್ಲಿ ಹೇಳಲಾರೆ. ಪಕ್ಕದಲ್ಲಿ ಸೇಬು, ಬಾಳೆಹಣ್ಣು ಇಡಬಾರದು; ಅವು ಬಿಡುವ ಅನಿಲಕ್ಕೆ ಇದು ಹಳದಿಯಾಗುತ್ತದೆ.

ಬೆಳಿಗ್ಗೆ ನಮಸ್ಕಾರ ಮಾಡಿದವುಗಳ ಬುಡವನ್ನು ಒಂದಂಗುಲ ಕೊಯ್ದು, ತಣ್ಣೀರು ತುಂಬಿದ ಹಿತ್ತಾಳೆ ಚೊಂಬಿನಲ್ಲಿ ನಿಲ್ಲಿಸಿದೆ. ಒಂದು ಗಂಟೆಯಲ್ಲಿ ನೀರು ಕುಡಿದು ಎಲ್ಲವೂ ಸೆಟೆದು ನಿಂತವು. ಒಂದನ್ನು ಮುರಿದೆ. ಲಟಕ್ ಎಂದಿತು. ಹೆಂಡತಿ ಒಳಗಿನಿಂದ “ಕೈಯ ನೆಟಿಕೆ ಮುರಿಯಬೇಡಿ, ದರಿದ್ರ” ಎಂದಳು. ಸೂಪಿಗೆ ಅದೊಂದೇ ಸಾಕಾಯಿತು. ಚೊಂಬಿನಲ್ಲಿ ಇನ್ನೂ ಹನ್ನೊಂದು ಇವೆ.